ಎರಡು ಜಾಡಿಗಳ ನಡುವಿನ ರಟ್ಟು

ಬಾನ್ ನೊಂಗ್‌ಬುವಾ, ನಖೋನ್ ಪಥೊಮ್
ಬುದ್ಧವರ್ಷ ೨೫೨೮, ಹನ್ನೊಂದನೆಯ ತಿಂಗಳ ಶುಕ್ಲ ಅಷ್ಟಮಿ

ಪೂಜ್ಯ ಭಂತೇ,

ಕೈಮುಗಿದು ನಮಸ್ಕಾರ. ಕಟ್ಟಿಕೊಂಡ ಗಂಡನನ್ನು ಭಂತೇ ಎಂದು ಬರೆಯಲು ಕೈ ಏಳದೆ ಎರಡು ಹಾಳೆ ಹರಿದೆ. ದಿನವೂ ಬೆಳಿಗ್ಗೆ ನಿಮ್ಮ ಭಿಕ್ಷಾಪಾತ್ರೆಗೆ ಅನ್ನ ಹಾಕುವವಳಿಗೆ ಪತ್ರವೇಕೆ ಎಂದುಕೊಂಡು ತಡವೂ ಆಯಿತು, ಕ್ಷಮಿಸಬೇಕು. ಬಾಗಿಲಲ್ಲಿ ನೀವು ಪಾತ್ರೆ ನೋಡುತ್ತೀರಿ, ನಾನು ನಿಮ್ಮ ಪಾದ ನೋಡುತ್ತೇನೆ. ಅಷ್ಟರಲ್ಲಿ ಮನೆಯ ಸುದ್ದಿ ಹೇಳುವುದೆಲ್ಲಿ?

ಸುದ್ದಿ ನಿಮ್ಮ ಮೀನಿನದು. ಮೀನಿಗೆ ಮೀನು ನೆಂಟನಲ್ಲ ಎಂದು ನನಗೆ ಮೊದಲು ಹೇಳಿದವರು ಚುವಾ ದೊಡ್ಡಪ್ಪ, ಹೋದ ಹುಣ್ಣಿಮೆಯ ಮಾರನೆಯ ದಿನ. ಅಷ್ಟರಲ್ಲಿ ಅನಾಹುತ ಆಗಿಹೋಗಿತ್ತು.

ತೀರಿಹೋದ ಅತ್ತೆಯವರ ಪುಣ್ಯಕ್ಕೆಂದು ನೀವು ಈ ವರ್ಷಾವಾಸಕ್ಕೆ, ಮಳೆಗಾಲದ ಮೂರು ತಿಂಗಳ ಮಟ್ಟಿಗೆ, ಕಾಷಾಯ ಉಟ್ಟಾಗ ಕಾದಾಡುವ ಮೀನನ್ನೆಲ್ಲ ಕೊಟ್ಟುಬಿಟ್ಟಿರಿ. ಕೆಂಪ, ನೀಲ ಇಬ್ಬರನ್ನು ಮಾತ್ರ ಎರಡು ಜಾಡಿಗಳಲ್ಲಿ ಕಿಟಕಿಯಲ್ಲಿ ಬಿಟ್ಟು, ನಡುವಿನ ರಟ್ಟು ತೆಗೆಯಬೇಡ ಎಂದಿರಿ. ನಾನು ತೆಗೆದೆ. ಮನೆಯಲ್ಲಿ ಮಾತಾಡುವವರಿಲ್ಲ; ಇವಕ್ಕಾದರೂ ಒಬ್ಬರ ಮುಖ ಒಬ್ಬರಿಗೆ ಕಾಣಲಿ ಅನ್ನಿಸಿತು. ಎರಡೂ ರೆಕ್ಕೆ ಅರಳಿಸಿ ಗಾಜಿಗೆ ಬಂದವು. ಖುಷಿಯಾಗಿವೆ ಎಂದುಕೊಂಡು ನಾನು ಕಾಲುವೆಗೆ ಬಟ್ಟೆ ಒಗೆಯಲು ಹೋದೆ. ಬರುವಷ್ಟರಲ್ಲಿ ನೀಲ ಹಾರಿ ಕೆಂಪನ ಜಾಡಿಯಲ್ಲಿದ್ದ. ಕೆಂಪನ ರೆಕ್ಕೆ, ಬಾಲ ಹಳೆಯ ಬಟ್ಟೆಯ ಹಾಗೆ ಚಿಂದಿಯಾಗಿದ್ದವು.

ದೊಡ್ಡಪ್ಪ ಬಂದು ನೋಡಿದರು. ನಕ್ಕರು. "ನಿಂಗೆ ಬೇಜಾರಾದ್ರೆ ರೇಡಿಯೋ ಹಾಕ್ಕೋ, ಮಗಳೇ. ಮೀನಿಗೆ ಮೀನು ನೆಂಟ ಅಲ್ಲ."

ಆಮೇಲೆ ಅವರೇ ಹೇಳಿಕೊಟ್ಟರು. ಒಣಗಿದ ಕಾಡುಬಾದಾಮಿ ಎಲೆಯನ್ನು ನೀರು ಚಹಾ ಬಣ್ಣಕ್ಕೆ ಬರುವ ತನಕ ನೆನೆಸಿಟ್ಟೆ. ಚಿಟಿಕೆ ಉಪ್ಪು ಹಾಕಿದೆ. ಉಸಿರಿಗೆ ಮೇಲೇರಲು ಕಷ್ಟಪಡದಿರಲಿ ಎಂದು ನೀರು ಕಡಿಮೆ ಇಟ್ಟು, ಕೆಂಪನ ಜಾಡಿಯನ್ನು ಬೀರುವಿನ ಹಿಂದೆ ಕತ್ತಲಲ್ಲಿರಿಸಿದೆ. ಮೊದಮೊದಲು ಅವನು ಒಂದು ಮಗ್ಗುಲಾಗಿ ಬಿದ್ದಿರುತ್ತಿದ್ದ. ಹರಿದ ಅಂಚಿಗೆ ಹತ್ತಿಯಂಥ ಬೂಷ್ಟು ಹಿಡಿಯಿತು. ಇನ್ನು ಹೋದ ಎಂದುಕೊಂಡೇ ದಿನಾ ನೀರು ಬದಲಿಸಿದೆ. ಒಂದು ಬೆಳಿಗ್ಗೆ ನೋಡಿದರೆ ಅಂಚಿನಲ್ಲಿ ಹೊಸ ರೆಕ್ಕೆ, ಬಣ್ಣವೇ ಇಲ್ಲ, ಈರುಳ್ಳಿಯ ಒಳಪೊರೆಯ ಹಾಗೆ.

ಓಡಿಹೋಗಿ ದೊಡ್ಡಪ್ಪನಿಗೆ ಹೇಳಿದೆ. ಅವರು ನಗಲಿಲ್ಲ. "ಬಣ್ಣ ಹಿಡಿಯೋವರ್ಗೂ ಇನ್ನೊಂದರ ಮುಖ ತೋರಿಸ್ಬೇಡ. ಅರಳಿಸೋಕೆ ಹೋಗಿ ಮತ್ತೆ ಹರ್ಕೊಳುತ್ತೆ. ನೀನೂ ಅದ್ರ ಮುಂದೆ ಹೋಗಿ ಕೂತ್ಕೋಬೇಡ."

ಅದಕ್ಕೇ ಈಗ ಬೀರುವಿನ ಈಚೆಗೆ ಕೂರುತ್ತೇನೆ. ಅವನು ಉಸಿರಿಗೆ ಬಂದಾಗ ಟಪ್ ಎನ್ನುವ ಸಣ್ಣ ಸದ್ದು ಕೇಳಿಸುತ್ತದೆ. ಮನೆಯಲ್ಲಿ ನನ್ನದಲ್ಲದ ಸದ್ದು ಅದೊಂದೇ.

ಹುಣ್ಣಿಮೆಗೆ ವರ್ಷಾವಾಸ ಮುಗಿಯುತ್ತದೆ. ಉಳಿದ ಮನೆಯವರೆಲ್ಲ ತಮ್ಮ ಹುಡುಗರು ಕಾಷಾಯ ಬಿಡುವ ದಿನ ಕೇಳಿಕೊಂಡು ಬಂದಿದ್ದಾರೆ. ನಿಮ್ಮ ದಿನ ತಿಳಿಸಿದರೆ ಬಿಳಿ ಅಂಗಿ ಇಸ್ತ್ರಿ ಮಾಡಿಸುತ್ತೇನೆ. ಆಶೀರ್ವಾದ ನಾನು ಮಾಡುವ ಹಾಗಿಲ್ಲ, ನೀವೇ ಮಾಡಬೇಕು. ಮೈ ಹುಷಾರಾಗಿರಲಿ.

ನಿಮ್ಮ ಮನೆಯವಳು,
ಸಾಯ್‌ಬುವಾ

ತಾ.ಕ.: ದಿನ ಕೇಳಿದ್ದು ಗೊತ್ತಿಲ್ಲದೆ ಅಲ್ಲ. ನೀವು ಕಾಷಾಯ ಬಿಡದೆ ವಿಹಾರದಲ್ಲೇ ಉಳಿಯುತ್ತೀರಿ, ಹಿರಿಯ ಗುರುಗಳಿಗೆ ಹೇಳಿಯೂ ಆಗಿದೆ ಎಂದು ಊರಿನ ಲಮೂನ್ ಅತ್ತೆ ನಿನ್ನೆ ಸಂಜೆ ದೋಣಿಕಟ್ಟೆಯಲ್ಲಿ ಎಲ್ಲರ ಮುಂದೆ ಹೇಳಿದರು. ನಾನು ಹಿಂದೆ ನಿಂತಿದ್ದು ಅವರಿಗೆ ಕಾಣಲಿಲ್ಲ. ಕಾಷಾಯ ಉಡುವ ಮುಂಚೆ ನೀವು ಊರವರ ಎದುರು ನನ್ನ ಒಪ್ಪಿಗೆ ಕೇಳಿದಿರಿ. ನಾನು ಒಪ್ಪಿದ್ದು ಒಂದು ಮಳೆಗಾಲಕ್ಕೆ. ಇನ್ನೂ ಬೇಕಿದ್ದರೆ ಬಂದು ನನ್ನನ್ನೇ ಕೇಳಿ. ತಡೆಯುತ್ತೇನೆಂದು ಅಲ್ಲ. ಕೇಳಿದರು ಅಂತಾಗಲಿ. ಕಟ್ಟೆಯಲ್ಲಿ ಆ ಮಾತು ಕೇಳಿದ್ದವರೆಲ್ಲ ಇವತ್ತು ಬೆಳಿಗ್ಗೆ ಒಬ್ಬೊಬ್ಬರಾಗಿ ಬಂದರು, ಮೀನಿಗೆಂದು ಒಂದೊಂದು ಡಬ್ಬಿ ಸೊಳ್ಳೆಮರಿ ಹಿಡಿದುಕೊಂಡು. ಯಾರೂ ನಿಮ್ಮ ಹೆಸರೆತ್ತಲಿಲ್ಲ.