ತೊಟ್ಟಿಕ್ಕದ ನಲ್ಲಿ

ಮೇ ೩, ಬೆಳಿಗ್ಗೆ
ನಾನು ಈ ಮನೆಗೆ ಹಿರಿಯಳು. ಓದಿದ್ದು ಹೈಸ್ಕೂಲು. ಯಜಮಾನರು ಹೋದ ಮೇಲೆ ನಲ್ಲಿ ಕಾರ್ಖಾನೆಯನ್ನು ಇಪ್ಪತ್ತೆರಡು ವರ್ಷ ನಡೆಸಿದ್ದೇನೆ. ಇಲ್ಲಿ ನನ್ನ ಮಾತೇ ಕೊನೆ.

ಲೇತ್‌ಗಳಿಗೆ ಎಣ್ಣೆ ಹಾಕಿಸಿ ಬಂದು ಕೂತರೆ ಮೊಮ್ಮಗಳ ವಾದ. ಪೇಟೆಂಟ್ ವಕೀಲೆ ಆಗಬೇಕಂತೆ. ಸಂತೋಷ. ನೇರವಾಗಿ ಲಾ ಸೇರು ಎಂದೆ. ಇಲ್ಲ, ಮೊದಲು ಮೆಕ್ಯಾನಿಕಲ್ ಎಂಜಿನಿಯರಿಂಗ್ ಅಂತೆ!

"ಲಾಯರ್ ಆಗೋಳಿಗೆ ಗ್ರೀಸ್ ಯಾಕೆ?"

"ಯಂತ್ರ ಅರ್ಥ ಆಗ್ದೆ ಅದರ ಹಕ್ಕು ಹೇಗೆ ಬರೀಲಿ ಅಜ್ಜಿ? ಪೇಟೆಂಟ್ ಪರೀಕ್ಷೆಗೆ ಕೂರೋಕೇ ಸೈನ್ಸೋ ಎಂಜಿನಿಯರಿಂಗೋ ಡಿಗ್ರಿ ಕೇಳ್ತಾರೆ."

"ಅಷ್ಟು ವರ್ಷ ಓದ್ತಾ ಕೂತ್ರೆ ನಾನೇ ಇರಲ್ಲ."

"ನೀವಾ? ಯಮ ಬಂದ್ರೂ ಗೇಟ್ ಹೊರಗೆ ನಿಲ್ಲಿಸ್ತೀರ."

ನಗು ಬಂತು. ತೋರಿಸಲಿಲ್ಲ. ಕಾಲೇಜಿನ ಅರ್ಜಿಗೆ ಹನ್ನೆರಡನೇ ತಾರೀಖು ಕೊನೆ ದಿನ.

ಮೇ ೪
ಲಾ ಫಾರಂ ನಾನೇ ತುಂಬಿದೆ. ಅವಳ ಸಹಿ ಬಾಕಿ.

ಮೇ ೯
ಐದು ದಿನವಾದರೂ ಅವಳು ಸಹಿ ಹಾಕಿಲ್ಲ. ಇವತ್ತು ಬೀರು ತೆಗೆದು ಅವಳ ತಾತನ ಪೇಟೆಂಟ್ ಕಾಗದ, ಜೊತೆಗೆ ನಲ್ಲಿ — ಎರಡನ್ನೂ ಮುಂದಿಟ್ಟೆ. ತೊಟ್ಟಿಕ್ಕದ ನಲ್ಲಿ. ಅವರ ಆರು ವರ್ಷದ ದುಡಿಮೆ. ಬೇರೆ ಕಂಪನಿಯವರು ಅದನ್ನೇ ಮಾಡಿ ಮಾರಿದರು. ಕೇಸು ಹಾಕಿದೆವು, ಸೋತೆವು.

"ಯಾಕೆ ಸೋತ್ವಿ, ಹೇಳು ನೋಡೋಣ."

ಸ್ಪ್ಯಾನರ್ ತಂದು ನಲ್ಲಿ ಬಿಚ್ಚಿದಳು. ಕಾಗದ ಎರಡು ಸಲ ಓದಿದಳು.

"ಇದ್ರಲ್ಲಿ ಬರೀ ಸ್ಪ್ರಿಂಗ್ ನಮ್ದು ಅಂತಿದೆ. ಅವ್ರು ಸ್ಪ್ರಿಂಗ್ ಜಾಗಕ್ಕೆ ರಬ್ಬರ್ ಹಾಕಿದ್ರಾ?"

"ಹೂಂ."

"ನೀರು ತಡೆಯೋದು ಸ್ಪ್ರಿಂಗ್ ಅಲ್ಲ ಅಜ್ಜಿ, ಈ ಓರೆ ಅಂಚು. ಕಾಗದದಲ್ಲಿ ಅದರ ಸುದ್ದೀನೇ ಇಲ್ಲ, ಅದಕ್ಕೇ ಸೋತಿದ್ದು. ಬರ್ದೋರು ಬಿಚ್ಚೇ ನೋಡಿಲ್ವಾ?"

ಎದ್ದು ಬಂದೆ.

ಮೇ ೧೦
ಈ ಡೈರಿಯಲ್ಲಾದರೂ ಬರೆಯಬಹುದು. ಬಿಚ್ಚಲು ಬಿಡದವಳು ನಾನು. ಪೇಟೆಂಟ್ ಬರೆಯುವ ವಕೀಲರಿಗೆ ನಲ್ಲಿಯ ಒಳಗೆಲ್ಲ ತೋರಿಸೋಣ ಎಂದು ಯಜಮಾನರು ಹೇಳಿದ್ದರು. ಗುಟ್ಟು ಹೊರಗೆ ಹೋದೀತೆಂದು ನಾನೇ ತಡೆದೆ. "ಸ್ಪ್ರಿಂಗ್ ಇದೆ, ಅಷ್ಟು ಬರೀರಿ" ಎಂದೆ. ಆ ಕರಿಕೋಟಿನ ಮನುಷ್ಯ ಮರುಮಾತಾಡದೆ ಬರೆದುಕೊಂಡ. ಯಂತ್ರ ಗೊತ್ತಿದ್ದರೆ ತಾನೇ ಕೇಳುವುದು? ಇಷ್ಟು ವರ್ಷ ಅವನೊಬ್ಬನನ್ನೇ ಬೈದೆ.

ಇವಳು ಕೇಳುತ್ತಾಳೆ. ನನ್ನಂಥವಳು ಅಡ್ಡ ನಿಂತರೂ ಕೇಳುತ್ತಾಳೆ.

ಮೇ ೧೨, ಮಧ್ಯಾಹ್ನ
ಲಾ ಫಾರಂ ಹರಿದೆ. ಮೆಕ್ಯಾನಿಕಲ್ ಫಾರಂಗೆ ಅವಳ ಸಹಿ ಹಾಕಿಸಿ, ಅವಳೊಂದಿಗೆ ಕಾಲೇಜಿಗೆ ಹೋಗಿ ನಾನೇ ಕೌಂಟರಿನಲ್ಲಿ ನಿಂತು ಕೊಟ್ಟು ಬಂದೆ. ಲಾ ಆಮೇಲೆ.

ಹಿಂದಿರುಗುವಾಗ ಬಸ್ಸಿನಲ್ಲಿ ಅವಳಿಗೆ ಎಲ್ಲ ಹೇಳಿದೆ. ವಕೀಲರನ್ನು ತಡೆದದ್ದು ಯಾರೆಂದೂ. ಇಳಿಯುವಾಗ ನನ್ನ ಕೈ ಹಿಡಿದಳು.

ಬೀರುವಿನ ಕೀಲಿಕೈ ಅವಳಿಗೆ ಕೊಟ್ಟಿದ್ದೇನೆ.