ಮಲಗಿಕೊಂಡು ಹೋದ ಗುಂಡು

ಲೂಯಿಸ್‌ಟೌನ್, ಮೊಂಟಾನಾ

ಎಲ್ಮರ್,

ನೀನು ಕಳಿಸಿದ ಗುಂಡಿನ ಅಚ್ಚು ಅಪ್ಪನ ಒಂಟಿಗುಂಡಿನ ರೈಫಲ್ಲಿನದಲ್ಲ. ಚಳಿಗಾಲವೆಲ್ಲ ಸೀಸ ಕರಗಿಸಿ, ತವರ ಬೆರೆಸಿ, ಸುಕ್ಕುಬಿದ್ದ ಗುಂಡುಗಳನ್ನೆಲ್ಲ ಮತ್ತೆ ಕರಗಿಸಿ ಎರಕ ಹೊಯ್ದೆ. ನಿನ್ನೆ ಹಾರಿಸಿ ನೋಡಿದರೆ ಗುರಿಯ ಕಾಗದದಲ್ಲಿ ದುಂಡನೆಯ ತೂತಿಲ್ಲ, ಉದ್ದನೆಯ ಸೀಳು!

"ನಿನ್ನ ಗುಂಡು ಮಲಗಿಕೊಂಡೇ ಹೋಗ್ತಿದೆ ಕಣೇ ರಾಗ್ನಾ, ಪಾಪ, ಸುಸ್ತಾಗಿರ್ಬೇಕು!" ಎಂದು ಪಕ್ಕದ ಮನೆಯ ಹಾಲ್ವರ್ ಎಲ್ಲರೆದುರು ನಕ್ಕ. ಅಳೆದು ನೋಡಿದೆ. ಗುಂಡು ನಳಿಗೆಯ ತೂತಿಗಿಂತ ಸಣ್ಣದು, ಅದಕ್ಕೇ ಒಳಗೆ ಹಿಡಿತ ಸಿಗದೆ ಅಡ್ಡ ತಿರುಗಿ ಕಾಗದಕ್ಕೆ ಬಡಿದಿದೆ.

ರೈಫಲ್ ನನಗೆ, ಅಚ್ಚು ನಿನಗೆ ಎಂದು ಅಪ್ಪ ಯಾಕೆ ಹಂಚಿಹೋದನೋ! ಒಂದಿಲ್ಲದೆ ಇನ್ನೊಂದು ಬರೀ ಕಬ್ಬಿಣ ಅಂತ ಅವನಿಗೆ ಗೊತ್ತಿರಲಿಲ್ಲವೇ?

ಸರಿಯಾದ ಅಚ್ಚು ನಿನ್ನ ಹತ್ತಿರವೇ ಇದೆ. ಅಂಚೆಗೆ ಹಾಕಬೇಡ, ನೀನೇ ತಾ. ಬರುವಾಗ ಹಳೇ ಅಂಗಿ ಹಾಕಿಕೊಂಡು ಬಾ, ಸೀಸ ಸಿಡಿಯುತ್ತದೆ.

ಸಿಟ್ಟಿನ್ನೂ ಇಳಿಯದ ನಿನ್ನ ಅಕ್ಕ,
ರಾಗ್ನಾ