ಡಕೋಟಾದ ಬಾಲದಡಿಯ ಕಟ್ಟೆ

ಹುಬ್ಬಳ್ಳಿ
ಹದಿಮೂರನೆಯ ತಿಂಗಳ ನಲವತ್ತನೆಯ ದಿನ, ಕ್ರಿ.ಶ. ೨೪೧೯

ವಿಮಾನ ನಡೆಸಬಲ್ಲ ಹಿರಿಯರಿಗೆ, ಚೆನ್ನವೀರ ಕೊಣ್ಣೂರನ ಶರಣು.

ನಮ್ಮ ಪಂಚಾಂಗವೂ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ಈ ಸಂಜೆ ಮಗಳು ಆಡಿದ ಮಾತಿಗೆ ದಂಗುಬಡಿದು ಕೂತು ಬರೆಯುತ್ತಿದ್ದೇನೆ.

ನಾವು ಪ್ರಯಾಣ ಮಾಡುವುದು ಹಾರುಗೂಡಿನಲ್ಲಿ. ಅದಕ್ಕೆ ಕಿಟಕಿಯಿಲ್ಲ, ನಡೆಸುವವರೂ ಇಲ್ಲ. ಮಲಗಿದರೆ ಎಚ್ಚರವಾಗುವುದು ಊರು ತಲುಪಿದ ಮೇಲೆಯೇ. ಹತ್ತುವ ಮೊದಲು ಅದರ ನೆಲದ ಮೇಲೆ ತುಂಬಿದ ಬಟ್ಟಲು ಇಡುತ್ತೇವೆ. ಇದು ನೀರುಸಾಕ್ಷಿ. ಒಂದು ಹನಿ ಚೆಲ್ಲಿದರೂ ಗೂಡು ಕೆಟ್ಟಿದೆಯೆಂದೇ ಅರ್ಥ, ಯಾರೂ ಕಾಲಿಡುವುದಿಲ್ಲ.

ನಾನು ಕಾಯುವ ಶೆಡ್ಡಿನಲ್ಲಿ ನಿಮ್ಮ ಕಾಲದ ಡಕೋಟಾ ವಿಮಾನವೊಂದಿದೆ. ಗಡಗಡ ಅಲುಗುವ ಹಳೆಯ ಬಸ್ಸಿಗೆಲ್ಲ ಅದರ ಹೆಸರಿಟ್ಟು ಗೇಲಿ ಮಾಡುತ್ತಿದ್ದಿರಂತೆ. ಎಂಥ ಜನರಪ್ಪಾ ನೀವು! ಸಾವಿರದ ಒಂಬೈನೂರ ಮೂವತ್ತೈದರಲ್ಲಿ ಅದು ಮೊದಲು ಹಾರಿದ್ದು, ಮಹಾಯುದ್ಧದಲ್ಲಿ ಸೈನಿಕರನ್ನು ಹೊತ್ತದ್ದು, ಆಮೇಲೆ ಅಗ್ಗಕ್ಕೆ ಮಾರಾಟವಾಗಿ ಭಾರತದಲ್ಲಿ ಪ್ರಯಾಣಿಕರನ್ನೂ ರಾತ್ರಿಯ ಟಪಾಲನ್ನೂ ಸಾಗಿಸಿದ್ದು, ದೇಶ ಒಡೆದಾಗ ನಿರಾಶ್ರಿತರನ್ನು ತುಂಬಿಕೊಂಡು ಬಂದದ್ದು, ಎಲ್ಲ ಓದಿದ್ದೆ. ಆದರೆ ಎರಡು ಪಂಖಗಳ ಆ ಯಂತ್ರವನ್ನು ಮನುಷ್ಯರು ಎಚ್ಚರವಾಗಿದ್ದು, ಕೈಕಾಲು ಆಡಿಸಿ ನಡೆಸುತ್ತಿದ್ದರೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಮಗಳು ಭಾಗೀರಥಿ ಒಳಗಿನ ತಂತಿ, ಪೆಡಲುಗಳನ್ನು ತೋರಿಸಿದಾಗಲೇ ಗೊತ್ತಾದದ್ದು. "ಯಪ್ಪಾ, ಇದನ್ನ ನಾ ಹಾರಿಸ್ತೀನಿ" ಎಂದಳು.

ಶೆಡ್ಡಿನಿಂದ ಬಯಲಿಗೆಳೆದ ವಿಮಾನ ಮೂಗೆತ್ತಿ, ಬಾಲ ನೆಲಕ್ಕಿಳಿಸಿ ನಿಂತಿತ್ತು. ಒಳಗಿಟ್ಟ ಬಟ್ಟಲು ಚೆಲ್ಲಿತು. ಹಿಂದಿನ ಗಾಲಿ ಕುಸಿದಿದೆ ಎಂದುಕೊಂಡು ಬಾಲದಡಿ ಕಲ್ಲಿನ ಕಟ್ಟೆ ಕಟ್ಟಿ ನೆಲ ಸಮ ಮಾಡಿದೆವು. ಈಗ ನೀರು ಅಲುಗಲಿಲ್ಲ. ಊರೆಲ್ಲ ಚಪ್ಪಾಳೆ ತಟ್ಟಿತು. ಭಾಗೀರಥಿ ಕುಳಿತು ಇಂಜಿನ್ ಜೋರು ಮಾಡಿದಳು. ವಿಮಾನ ಮುಗ್ಗರಿಸಿ ಮೂಗು ನೆಲಕ್ಕೆ ಬಡಿಯಿತು, ಪಂಖಗಳು ಚಕ್ಕುಲಿಯಂತೆ ಸುರುಟಿಕೊಂಡವು. ಹಣೆಯೊಡೆದು ರಕ್ತ ಸುರಿಯುತ್ತಿದ್ದವಳನ್ನು ನಾನೇ ಎಳೆದು ತಂದೆ. ಆಗಲೂ ಆಕೆ ಅಂದದ್ದು, "ಅದು ಬಾಲ ಇಳಿಸಿ ನಿಂತದ್ದು ಬರೋಬ್ಬರಿ ಇತ್ತು. ಆ ಕಟ್ಟಿ ಒಡೀರಿ ಮೊದಲ!"

ಒಡೆದೆವು. ಗಾಯ ಮಾಯುವಷ್ಟರಲ್ಲಿ ಹೊಸ ಪಂಖಗಳೂ ಸಿದ್ಧವಾದವು. ಇಂದು ಸಂಜೆ ಇಳಿಜಾರಿನ ನೆಲವನ್ನು ಹತ್ತಿ ಹೋಗಿ ಮುಂದಿನ ಕುರ್ಚಿಯಲ್ಲಿ ಕೂತಳು. "ಯಪ್ಪಾ, ಇಲ್ಲಿಂದ ಬರೀ ಮುಗಿಲ ಕಾಣತೈತಿ!" ಎಂದು ಕೂಗಿದಳು. ನನಗೂ ಖುಷಿಯಾಯಿತು. ಹಾಗೇ ಸುಮ್ಮನೆ ಕೇಳಿದೆ, "ಇಳಿಸೋದು ಹ್ಯಾಂಗವಾ?"

"ಅದು ನನಗೂ ಗೊತ್ತಿಲ್ಲ. ಹಿಂದ ಹಾರಿಸಿದವರ ಕೈಯಾಗ ಇತ್ತು, ಅವರ ಸಂಗಾಟನ ಹೋತು."

ನಾಡಿದ್ದು ಹಾರುತ್ತಾಳೆ. ಬೇಡವೆಂದರೆ ಕೇಳುವ ಪೈಕಿಯಲ್ಲ. ನನಗಿರುವುದು ಒಬ್ಬಳೇ ಮಗಳು. ಡಕೋಟಾವನ್ನು ಇಳಿಸಿದ ಕೈಗಳು ನಿಮ್ಮ ನಡುವೆ ಇನ್ನೂ ಇವೆ, ಹುಡುಕಿ ಕೇಳಿ. ನಮ್ಮ ಕಾಗದ ಹಿಂದಕ್ಕೆ ನಿಮ್ಮ ಕಾಲ ಮುಟ್ಟುತ್ತದೆ, ನಿಮ್ಮ ಕಾಗದ ಇಲ್ಲಿಯವರೆಗೆ ಬಾಳುವುದಿಲ್ಲ. ಇಲ್ಲಿನ ವಿಮಾನ ನಿಲ್ದಾಣದ ಯಾವುದಾದರೂ ಕಲ್ಲಿನ ಮೇಲೆ ಇಳಿಸುವ ಬಗೆಯನ್ನು ಆಳವಾಗಿ ಕೆತ್ತಿ, ಅಲ್ಲೇ ಹೂತಿಡಿ.

ಬೆಳಗಾದೊಡನೆ ಗುದ್ದಲಿ ಹಿಡಿದು ಹೋಗಿ ಅಗೆಯುತ್ತೇನೆ.